ಆರು ತವರು ಪಂದ್ಯಗಳ ಮಹಿಳಾ ಲೀಗ್
ಇಂಡಿಯನ್ ವಿಮೆನ್ಸ್ ಲೀಗ್ ದೇಶದ ಮಹಿಳಾ ಫುಟ್‌ಬಾಲ್‌ನ ಅಗ್ರ ಟೂರ್ನಿ. ಶುರುವಾದದ್ದು 2016-17ರಲ್ಲಿ. ಲೀಗ್ ಅನ್ನೋದು ಹೆಸರಿಗಷ್ಟೇ. ವರ್ಷಗಟ್ಟಲೆ ಅಂತಿಮ ಸುತ್ತು ಒಂದೇ ಊರಲ್ಲಿ, ಕೆಲವೇ ವಾರಗಳಲ್ಲಿ ಮುಗಿದುಹೋಗ್ತಿತ್ತು.

2020ರಲ್ಲಿ ಸರದಿ ನಮ್ಮದು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾವನ್ನು 3-2ರಿಂದ ಸೋಲಿಸಿ ಚಾಂಪಿಯನ್ ಆಯ್ತು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಹಲಸೂರಿನ ಗೌತಮಪುರ ಅಲ್ಲಿಂದ ದೂರವೇನಲ್ಲ. ಗೌತಮಪುರದ ಹುಡುಗಿಯರಿಗೆ ಅಂಥ ಫೈನಲ್ ಮನೆ ಪಕ್ಕದಲ್ಲೇ ಸಿಕ್ಕಿದ್ದು ಅಪರೂಪ.

ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ಫೈನಲ್ ತಲುಪಿತು. ಅಹಮದಾಬಾದಿನಲ್ಲಿ ಅದೇ ಗೋಕುಲಂಗೆ 5-0ಯಿಂದ ಸೋತಿತು. ತವರು-ಹೊರಗು ಪದ್ಧತಿ ಬಂದದ್ದು 2023-24ರಲ್ಲಿ: ಏಳು ತಂಡ, ತಲಾ 12 ಪಂದ್ಯ. ಅಂದ್ರೆ ಆ ಇಡೀ ಸೀಸನ್‌ಗೆ ತವರಿನ ಪಾಲು ಬರೀ ಆರಾಗಿತ್ತು. ಇಷ್ಟನ್ನೇ ನಂಬಿ ಫುಟ್‌ಬಾಲ್ ಆಡೋದೇ ಕೆಲಸ ಅಂತ ಮನೆಯಲ್ಲಿ ಹೇಳೋಕಾಗುತ್ತಾ?