ಪುಸ್ತಕದ ದನ, ಬಯಲಿನ ದನ

ನಮ್ಮ ಶಾಖೆಯಲ್ಲಿ ದನದ ಸಾಲದ ಕಡತಗಳೆಲ್ಲ ನನ್ನ ಮೇಜನ್ನು ದಾಟಿಯೇ ಹೋಗಬೇಕು. ದನ ಸಾಲಗಾರರ ಹಟ್ಟಿಯಲ್ಲೇ ಇರುತ್ತದೆ. ಅದರ ಕಿವಿಯೋಲೆಯ ನಂಬ್ರ ಮಾತ್ರ ನಮ್ಮಲ್ಲಿರುತ್ತದೆ. ಒಂದು ಮಳೆಗಾಲದಲ್ಲಿ ಅಜ್ಜಿಯೊಬ್ಬರು ಸತ್ತ ದನದ ಓಲೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದು, "ದನ ಹೋಯಿತು ಮಗಾ, ನಂಬ್ರ ಉಂಟು" ಎಂದರು. ಕಾಗದದ ಮೇಲಿನ ದನದ ಬಗ್ಗೆ ಅಂದು ಹುಟ್ಟಿದ ಕುತೂಹಲ ನನ್ನನ್ನು ಆಸ್ಟ್ರೇಲಿಯದ ಚರಿತ್ರೆಯವರೆಗೆ ಒಯ್ದಿತು.

1788ರಲ್ಲಿ ಬ್ರಿಟಿಷರ ಮೊದಲ ಹಡಗುಗಳು ಸಿಡ್ನಿಗೆ ಬಂದಾಗ, ದಾರಿಯಲ್ಲಿ ಆಫ್ರಿಕದ ಕೇಪ್‌ನಲ್ಲಿ ಕೊಂಡ ಬೆರಳೆಣಿಕೆಯ ದನಗಳಷ್ಟೇ ಅವುಗಳಲ್ಲಿದ್ದವು. ಅದೇ ವರ್ಷ ಅವು ಕಾಡಿಗೆ ತಪ್ಪಿಸಿಕೊಂಡವು. 1795ರಲ್ಲಿ ಪತ್ತೆಯಾಗುವಾಗ ಹಿಂಡು 60ರ ಆಸುಪಾಸಿಗೆ ಬೆಳೆದಿತ್ತು! ಆ ವರ್ಷವೇ ಎಂಡೆವರ್ ಎಂಬ ಹಡಗು ನಮ್ಮ ಬೊಂಬಾಯಿಯಿಂದ ನೂರಕ್ಕೂ ಮಿಕ್ಕಿ ದನಗಳನ್ನು ಅಲ್ಲಿಗೆ ಮುಟ್ಟಿಸಿತು.

1836ರಲ್ಲಿ ಹುಟ್ಟಿದ ಅಡಿಲೇಡ್ ಪಟ್ಟಣದಲ್ಲಿ ಮಾಂಸಕ್ಕೆ ಒಳ್ಳೆಯ ಬೆಲೆಯಿತ್ತು. 1838ರಲ್ಲಿ ಜೋಸೆಫ್ ಹಾಡನ್ ಎಂಬವನು 300ಕ್ಕೂ ಹೆಚ್ಚು ದನಗಳನ್ನು ನ್ಯೂ ಸೌತ್ ವೇಲ್ಸಿನಿಂದ ನದಿಯ ದಡದುದ್ದಕ್ಕೂ ನಡೆಸಿಕೊಂಡು ಬಂದು ಅಲ್ಲಿ ಮಾರಿದ. ಇತರರು ಅದೇ ದಾರಿ ಹಿಡಿದರು.

1840ರ ದಶಕದ ಆರಂಭದಲ್ಲಿ ಬೆಲೆ ಕುಸಿಯಿತು. ಕುರಿ, ದನಗಳನ್ನು ಕುದಿಸಿ, ಕೊಬ್ಬು ತೆಗೆದು ಇಂಗ್ಲೆಂಡಿಗೆ ಕಳುಹಿಸುವ ಗತಿ ಬಂತು. 1843ರಲ್ಲಿ ಬ್ಯಾಂಕ್ ಆಫ್ ಆಸ್ಟ್ರೇಲಿಯವೇ ಮುಳುಗಿತು. ಅದೇ ವರ್ಷ ಅಲ್ಲಿನ ಶಾಸನಸಭೆ ಒಂದು ಕಾನೂನು ಮಾಡಿತು: ಕುರಿ, ದನ, ಕುದುರೆಗಳನ್ನು ಸಾಲಗಾರನು ತನ್ನ ಬಳಿಯೇ ಇಟ್ಟುಕೊಂಡು ಅಡವು ಬರೆದುಕೊಡಬಹುದು. ಅಡವಿನ ಸೊತ್ತು ಸಾಲಗಾರನ ಕೈಯಲ್ಲೇ ಉಳಿದರೆ ಅದನ್ನು ಸಂಶಯದಿಂದ ನೋಡುತ್ತಿದ್ದ ಇಂಗ್ಲಿಷ್ ಕಾನೂನಿಗೆ ಇದು ಹೊಸತು. ಲಂಡನ್ನಿನ ಅಧಿಕಾರಿಗಳಿಗೆ ಹಿಡಿಸಲಿಲ್ಲ. ಆದರೂ ಉಳಿಯಿತು. ಇದನ್ನು ಓದುವಾಗ ನನಗೆ ನಮ್ಮ ಶಾಖೆಯ ಕಡತವೇ ಕಣ್ಣೆದುರು ಬಂತು.

ಹಿಂಡು ಮಾರುವ ಕ್ರಮವೂ ವಿಚಿತ್ರ. ಹುಲ್ಲುಗಾವಲು ಸರಕಾರದ್ದು, ಮೇಯಿಸುವವನಿಗೆ ಪರವಾನಗಿ ಮಾತ್ರ. ಹಾಗಾಗಿ ದನವೊಂದಕ್ಕೆ ಇಷ್ಟು ಎಂದು ಬೆಲೆ ಕಟ್ಟಿ, ಮೇವಿನ ಹಕ್ಕನ್ನು ಅದರ ಜೊತೆಗೇ ಸೇರಿಸಿ ಕೊಡುತ್ತಿದ್ದರು. ಬೇಲಿಯಿಲ್ಲದ ಬಯಲಿನಲ್ಲಿ ದನಗಳನ್ನೆಲ್ಲ ಒಟ್ಟುಗೂಡಿಸಿ ಎಣಿಸುವುದು ಕಷ್ಟವಾದ್ದರಿಂದ, ಪುಸ್ತಕದಲ್ಲಿದ್ದ ಲೆಕ್ಕವನ್ನೇ ನಂಬಿ ಕೊಳ್ಳುವುದೂ ಇತ್ತು. ಅದಕ್ಕೆ 'ಬುಕ್ ಮಸ್ಟರ್' ಎಂದು ಹೆಸರು. ಪುಸ್ತಕದ ದನ ಬಯಲಿನಲ್ಲಿ ಇಲ್ಲದಿದ್ದರೆ ನಷ್ಟ ಕೊಂಡವನಿಗೇ!

ಪುಸ್ತಕ ತಪ್ಪಿದರೂ ದನವೇ ಸಾಕ್ಷಿ ಹೇಳಿದ್ದುಂಟು. 1870ರಲ್ಲಿ ಹ್ಯಾರಿ ರೆಡ್‌ಫರ್ಡ್ ಮತ್ತು ಸಂಗಡಿಗರು ಕ್ವೀನ್ಸ್‌ಲ್ಯಾಂಡಿನ ಬೋವೆನ್ ಡೌನ್ಸ್‌ನಿಂದ ಸುಮಾರು 1000 ದನಗಳನ್ನು ಕದ್ದು, ಮರುಭೂಮಿಯ ಅಂಚಿನಲ್ಲಿ ದಕ್ಷಿಣಕ್ಕೆ ಹೊಡೆದುಕೊಂಡು ಹೋಗಿ 5000 ಪೌಂಡಿಗೆ ಮಾರಿದರು. ದಾರಿಯಲ್ಲಿ ಸಾಮಾನಿಗೆ ಬದಲಾಗಿ ಕೊಟ್ಟ ಬಿಳಿ ಹೋರಿಯೊಂದು ಗುರುತು ಸಿಕ್ಕಿ ಮೊಕದ್ದಮೆಯಾಯಿತು. 1873ರಲ್ಲಿ ರೋಮಾ ಪಟ್ಟಣದ ಪಂಚರು ಅವನನ್ನು ನಿರಪರಾಧಿ ಎಂದು ಬಿಟ್ಟರು!

ಆದರೆ ಯಾವ ಪುಸ್ತಕದಲ್ಲೂ ಸೇರದ ಲೆಕ್ಕ ಒಂದಿದೆ. ಆ ಬಯಲು, ನೀರಿನ ಹೊಂಡಗಳು ಅಲ್ಲಿನ ಮೂಲನಿವಾಸಿಗಳದ್ದು. ಹಿಂಡು ಕೈಬದಲಾಗುವಾಗ ಅವರನ್ನು ಕೇಳಿದವರಿಲ್ಲ. ಬೋವೆನ್ ಡೌನ್ಸ್ ಕಟ್ಟಿದವರಲ್ಲೊಬ್ಬನಾದ ನ್ಯಾಟ್ ಬುಕಾನನ್ 1883ರಲ್ಲಿ ಉತ್ತರದ ವೇವ್ ಹಿಲ್‌ನಲ್ಲಿ ದನ ಇಳಿಸಿದ. ಅಲ್ಲಿನ ಗುರಿಂಜಿ ಜನ ತಮ್ಮದೇ ನೆಲದಲ್ಲಿ ಹಿಟ್ಟು, ಸಕ್ಕರೆ, ಚಹಾಕ್ಕಾಗಿ ದುಡಿಯುವಂತಾಯಿತು. 1966ರಲ್ಲಿ ಅವರು ಕೆಲಸ ಬಿಟ್ಟು ಹೊರನಡೆದರು. 1975ರಲ್ಲಿ ಪ್ರಧಾನಿ ವಿಟ್ಲಮ್ ಅವರ ಮುಂದಾಳು ವಿನ್ಸೆಂಟ್ ಲಿಂಗಿಯಾರಿಯ ಕೈಗೆ ಹಿಡಿ ಮಣ್ಣು ಸುರಿದು ಒಂದು ಭಾಗವನ್ನು ಮರಳಿ ಕೊಟ್ಟರು.

ಗಡಿನಾಡಿನ ನಮಗೆ ಒಂದು ಅನುಭವವುಂಟು: ಗೆರೆ ಎಳೆಯುವವರು ಅಲ್ಲಿ ಬದುಕುವವರನ್ನು ಕೇಳುವುದು ಅಪರೂಪ. ಗುರಿಂಜಿಗಳ ಸಂಕಟ ನಮ್ಮದಕ್ಕಿಂತ ಎಷ್ಟೋ ದೊಡ್ಡದು. ಆದರೂ ಅದು ನಮಗೆ ತೀರ ಅಪರಿಚಿತವಲ್ಲ.

ಅಜ್ಜಿಯ ವಿಮೆಯ ಹಣ ಬಂತು. ಆಮೇಲೆ ನಾನು ನಂಬ್ರ ಬರೆಯುವ ಮೊದಲು ದನದ ಹೆಸರೇನೆಂದು ಕೇಳುತ್ತೇನೆ. ಫಾರಮಿನಲ್ಲಿ ಅದಕ್ಕೆ ಜಾಗವಿಲ್ಲ.