ಗಣಕಯಂತ್ರದೊಳಗಿನ ವಿದ್ಯುನ್ಮಂಡಲ: ಬರ್ಕ್‌ಲಿಯಿಂದ ಪೊವಾಯಿಗೆ

ನಾವು ಬಿ.ಎಸ್ಸಿ. ಓದುತ್ತಿದ್ದ ಕಾಲದ ಮಾತು. ಪ್ರಯೋಗಶಾಲೆಯಲ್ಲಿ ಅಮ್ಮೀಟರನ್ನು ಮಂಡಲದ ಸಾಲಿನಲ್ಲಿ ಸೇರಿಸುವ ಬದಲು ನೇರವಾಗಿ ಬ್ಯಾಟರಿಯ ಎರಡು ತುದಿಗಳಿಗೆ ಜೋಡಿಸಿಬಿಟ್ಟೆವು. ಮುಳ್ಳು ಒಮ್ಮೆಲೇ ಕೊನೆಗೆ ಹಾರಿ ಅಲ್ಲಿಯೇ ನಿಂತಿತು. ಸುಟ್ಟ ಉಪಕರಣದ ಬೆಲೆಯನ್ನು ತಂದೆಯವರು ತಮ್ಮ ಸಂಬಳದಿಂದ ತೆತ್ತರು. ಅಂದಿನಿಂದ ತಂತಿ ಮುಟ್ಟುವ ಧೈರ್ಯ ನಮಗೆ ಉಳಿಯಲಿಲ್ಲ. ಸೂತ್ರಗಳನ್ನು ಬಾಯಿಪಾಠ ಮಾಡಿ ಪಾಸಾದೆವು. ಇಂದು ನಮ್ಮ ಮಕ್ಕಳು ಅದೇ ತಪ್ಪನ್ನು ಗಣಕಯಂತ್ರದ ಪರದೆಯ ಮೇಲೆ ಹತ್ತು ಸಲ ಮಾಡಬಹುದು. ಒಂದು ಪೈಸೆಯ ದಂಡವಿಲ್ಲ. ಈ ಸೌಕರ್ಯ ಬಂದ ದಾರಿಯನ್ನು ವಾಚಕರು ತಿಳಿಯುವುದು ಒಳ್ಳೆಯದು.

ಇದರ ಗಣಿತ ಹಳೆಯದು. ಜರ್ಮನಿಯ ಗುಸ್ತಾವ್ ಕಿರ್ಚಾಫ್ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ೧೮೪೫ರಲ್ಲಿ, ಎರಡು ನಿಯಮಗಳನ್ನು ನಿರೂಪಿಸಿದನು. ತಂತಿಗಳು ಕೂಡುವ ಜಾಗಕ್ಕೆ ಬಂದಷ್ಟು ವಿದ್ಯುತ್ತು ಅಲ್ಲಿಂದ ಹೊರಡಲೇಬೇಕು. ಒಂದು ಸುತ್ತು ಮುಗಿಸಿದಾಗ ವೋಲ್ಟುಗಳ ಏರಿಳಿತ ಸರಿಹೋಗಲೇಬೇಕು. ೯ ವೋಲ್ಟಿನ ಬ್ಯಾಟರಿಗೆ ೧,೦೦೦ ಮತ್ತು ೨,೦೦೦ ಓಮ್‌ಗಳ ರೋಧಕಗಳನ್ನು ಸಾಲಾಗಿ ಜೋಡಿಸಿದರೆ ೩ ಮಿಲಿಆಂಪಿಯರ್ ಹರಿಯುತ್ತದೆ. ಮೊದಲನೆಯದರಲ್ಲಿ ೩, ಎರಡನೆಯದರಲ್ಲಿ ೬ ವೋಲ್ಟು ಕಳೆಯುತ್ತದೆ. ಇಷ್ಟನ್ನು ನಮ್ಮಂಥ ಗುಮಾಸ್ತರೂ ಕಾಗದದ ಮೇಲೆ ಲೆಕ್ಕ ಹಾಕಬಲ್ಲರು. ಆದರೆ ಕೂಡುವ ಜಾಗಗಳು ನೂರಾದರೆ ಸಮೀಕರಣಗಳೂ ನೂರರಷ್ಟಾಗುತ್ತವೆ. ಆಗ ಯಂತ್ರವೇ ಬೇಕು.

ಯಂತ್ರ ಮುಂಬಯಿಗೆ ಹೊಸದಲ್ಲ. ನಮ್ಮ ದೇಶದವರೇ ಕಟ್ಟಿದ 'ಟಿಫ್ರ್ಯಾಕ್' ಗಣಕಯಂತ್ರ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರಲ್ಲಿ ಕೆಲಸಕ್ಕೆ ತೊಡಗಿತು. ಆದರೆ ಅದು ಸಂಶೋಧಕರಿಗಾಗಿ ಇದ್ದದ್ದು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಕೋಟೆ ಭಾಗದ ಕನ್ನಡ ರಾತ್ರಿಶಾಲೆಯಲ್ಲಿ ಕಣ್ಣುಜ್ಜುತ್ತ ಓದುತ್ತಿದ್ದ ನಮ್ಮ ಹುಡುಗರಿಗೂ ಅದಕ್ಕೂ ನಡುವೆ ಇದ್ದದ್ದು ಕೆಲವೇ ಮೈಲಿ, ದಾಟಲಾಗದ ಮೈಲಿ.

ಆ ದೂರವನ್ನು ತಗ್ಗಿಸಿದ ಕೆಲಸ ಮೊದಲಾದದ್ದು ಅಮೆರಿಕದ ಬರ್ಕ್‌ಲಿಯ ಒಂದು ತರಗತಿಯಲ್ಲಿ. ೧೯೬೯-೭೦ರಲ್ಲಿ ರೊನಾಲ್ಡ್ ರೋರರ್ ಎಂಬ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನೇ ಮಂಡಲಗಳ ಲೆಕ್ಕ ಬಿಡಿಸುವ ಪ್ರೋಗ್ರಾಮ್ ಬರೆಯಲು ಹಚ್ಚಿದರು. ಪ್ರೊ. ಡೊನಾಲ್ಡ್ ಪೆಡರ್ಸನ್ ಮೆಚ್ಚಿದರೆ ಎಲ್ಲರೂ ಪಾಸು, ಇಲ್ಲವಾದರೆ ನಪಾಸು! ಆ ವಿದ್ಯಾರ್ಥಿಗಳಲ್ಲೊಬ್ಬರಾದ ಲಾರೆನ್ಸ್ ನೇಗಲ್ ಮುಂದೆ ಅದನ್ನು ಬೆಳೆಸಿದರು; ೧೯೭೩ರಲ್ಲಿ 'ಸ್ಪೈಸ್' ಲೋಕಕ್ಕೆ ಪರಿಚಯವಾಯಿತು. ಅದು ಮಾರಾಟದ ಸರಕಾಗದೆ ಎಲ್ಲರಿಗೂ ಸಿಗಬೇಕೆಂಬುದು ಪೆಡರ್ಸನ್ನರ ಹಟವಾಗಿತ್ತು. ಆ ಹಟದ ಫಲವನ್ನೇ ನಾವಿಂದು ಉಣ್ಣುತ್ತಿರುವುದು.

ಏಕೆಂದರೆ ನಮ್ಮ ಪೊವಾಯಿಯ ಐ.ಐ.ಟಿ.ಯ 'ಫಾಸ್ಸಿ' ಯೋಜನೆಯವರು ಸಿದ್ಧಪಡಿಸಿದ 'ಇ-ಸಿಮ್' ಎಂಬ ಪ್ರೋಗ್ರಾಮಿನ ಒಳಗೆ ಲೆಕ್ಕ ಹಾಕುವುದು ಸ್ಪೈಸ್ ವಂಶದ 'ಎನ್‌ಜಿಸ್ಪೈಸ್'. ಇ-ಸಿಮ್‌ಗೂ ಬೆಲೆಯಿಲ್ಲ. ಕೇಂದ್ರ ಸರಕಾರ ೨೦೦೯ರಲ್ಲಿ ಆರಂಭಿಸಿದ ಶಿಕ್ಷಣ ಯೋಜನೆಯಡಿ 'ವರ್ಚುವಲ್ ಲ್ಯಾಬ್ಸ್' ಎಂಬ ಪರದೆಯ ಪ್ರಯೋಗಶಾಲೆಗಳೂ ಬಂದವು. ಅವುಗಳನ್ನು ಕಟ್ಟಿದ ಸಂಸ್ಥೆಗಳಲ್ಲಿ ಪೊವಾಯಿಯ ಜೊತೆಗೆ ನಮ್ಮೂರ ಕಡೆಯ ಸುರತ್ಕಲ್‌ನ ಎನ್.ಐ.ಟಿ.ಕೆ.ಯೂ ಇದೆಯೆಂಬುದು ಹೆಮ್ಮೆಯ ಸಂಗತಿ.

ಪರದೆಯೇ ಸಾಕೇ? ಸಾಲದು. ಅಲ್ಲಿ ತಂತಿ ಬಿಸಿಯಾದದ್ದು ಕೈಗೆ ತಿಳಿಯದು, ಸಡಿಲ ಜೋಡಣೆಯ ಕಾಟವೂ ಕಾಣದು. ಪರದೆಯ ಮೇಲೆ ಕಲಿತದ್ದನ್ನು ಒಂದೂವರೆ ವೋಲ್ಟಿನ ಸೆಲ್ಲು ಮತ್ತು ಟಾರ್ಚಿನ ಬಲ್ಬಿನಿಂದ ಮಾಡಿ ನೋಡಬೇಕು. ಗೋಡೆಯ ಪ್ಲಗ್ಗಿನ ಗೊಡವೆಗೆ ಮಾತ್ರ ಮಕ್ಕಳು ಹೋಗಬಾರದು.

ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಇದಕ್ಕೆಲ್ಲ ಜಾಗವೆಲ್ಲಿ ಎನ್ನುವವರಿದ್ದಾರೆ. ನಿಜ. ಭಾನುವಾರ ಒಂದು ಗಂಟೆ ನಮ್ಮ ಸಂಘದ ಕೋಣೆಯಲ್ಲಿ ಒಂದು ಹಳೆಯ ಗಣಕಯಂತ್ರ, ನಾಲ್ಕು ಸೆಲ್ಲು, ನಾಲ್ಕು ಬಲ್ಬು ಇಟ್ಟರೆ ಸಾಕು. ಕಲಿಸಲು ನಾವು ಬರಲು ಸಿದ್ಧ. ಹೆದರಿ ಬಾಯಿಪಾಠ ಮಾಡಿದ್ದನ್ನು ನಮ್ಮ ಮಕ್ಕಳ ಜೊತೆ ಕೂತು ನಾವೂ ಹೊಸದಾಗಿ ಕಲಿತಂತಾದೀತು.