ಮುಂಬಯಿಯ ಕರದಾತರು: 1871ರ ಚಳವಳಿಯೂ ಅದರ ಫಲವೂ

ನಗರವೊಂದರ ಆಯವ್ಯಯ ಪತ್ರವು ಬರಿಯ ಅಂಕೆಗಳ ಪಟ್ಟಿಯಲ್ಲ. ಯಾರಿಂದ ಎಷ್ಟು ಪಡೆಯಬೇಕು, ಪಡೆದುದನ್ನು ನೀರಿಗೆ ಮೊದಲು ವೆಚ್ಚ ಮಾಡಬೇಕೋ ಬೀದಿಗೆ ಮೊದಲೋ, ಶಾಲೆಗೆ ಎಷ್ಟು, ಪೋಲೀಸಿಗೆ ಎಷ್ಟು ಎಂಬ ನಿರ್ಣಯಗಳೆಲ್ಲ ಅದರಲ್ಲಿ ಅಡಗಿರುತ್ತವೆ. ಈ ನಿರ್ಣಯಗಳಲ್ಲಿ ನಗರವಾಸಿಗಳ ಮಾತಿಗೆ ಬೆಲೆಯಿರಬೇಕೆಂಬುದನ್ನು ಇಂದು ಯಾರೂ ಅಲ್ಲಗಳೆಯರು. ಆದರೆ ನಗರವಾಸಿಯೆಂದರೆ ಯಾರು? ಕರ ಕಟ್ಟುವವನೇ, ಅದರ ಭಾರವನ್ನು ಹೊರುವವನೇ, ಅಥವಾ ಊರಿನಲ್ಲಿ ಬಾಳುವ ಪ್ರತಿಯೊಬ್ಬನೇ? ಮುಂಬಯಿಯ ಪೌರಾಡಳಿತದ ಇತಿಹಾಸವನ್ನು ಈ ಪ್ರಶ್ನೆಯ ಇತಿಹಾಸವೆಂದೇ ಓದಬಹುದು. ಅದರ ಮೊದಲ ಮಹತ್ತ್ವದ ಅಧ್ಯಾಯ 1871ರ ಕರದಾತರ ಚಳವಳಿ.

1865ರ ಶಾಸನವು ಮುಂಬಯಿಗೆ ಹೊಸ ಆಡಳಿತವನ್ನು ತಂದಿತು. ಅದಕ್ಕೆ ಮೊದಲು, 1858ರ ಶಾಸನದಂತೆ, ಮೂವರು ಕಮಿಷನರರು ಜೊತೆಯಾಗಿ ಕಾರ್ಯಭಾರ ನಡೆಸುತ್ತಿದ್ದರು. ಈಗ ಕಾರ್ಯಾಧಿಕಾರವೆಲ್ಲ ಒಬ್ಬನೇ ಕಮಿಷನರನ ಕೈಸೇರಿತು. ಜಸ್ಟಿಸ್ ಆಫ್ ದಿ ಪೀಸ್ ಎನಿಸಿಕೊಂಡ ಗಣ್ಯರ ಸಮೂಹವು ಆತನ ಲೆಕ್ಕವನ್ನು ನೋಡುವ ಸಭೆಯಾಯಿತು. ಈ ಗಣ್ಯರನ್ನು ನೇಮಿಸುತ್ತಿದ್ದುದು ಸರ್ಕಾರ. ಕಮಿಷನರನನ್ನು ನೇಮಿಸುತ್ತಿದ್ದುದೂ ಸರ್ಕಾರವೇ. ಕರ ತೆತ್ತ ಜನರು ಆರಿಸಿ ಕಳುಹಿಸಿದ ಒಬ್ಬನೂ ಅಲ್ಲಿರಲಿಲ್ಲ.

ಮೊದಲ ಕಮಿಷನರನಾದ ಆರ್ಥರ್ ಕ್ರಾಫರ್ಡನು ಸಾಹಸಿ. ಬೀದಿಗಳನ್ನು ಅಗಲಿಸುವುದು, ಚರಂಡಿಗಳನ್ನು ಸರಿಪಡಿಸುವುದು, ಕಸವನ್ನು ಊರಾಚೆಗೆ ಸಾಗಿಸುವುದು ಇವೆಲ್ಲ ಒಟ್ಟಿಗೇ ಸಾಗಿದುವು. ಆರೋಗ್ಯಾಧಿಕಾರಿಯಾಗಿದ್ದ ಡಾ. ಹ್ಯೂಲೆಟ್ ಈ ಕೆಲಸದಲ್ಲಿ ಆತನ ಬಲಗೈಯಾಗಿದ್ದನು. 1869ರಲ್ಲಿ ಮುಗಿದ, ಕ್ರಾಫರ್ಡನ ಹೆಸರನ್ನೇ ಹೊತ್ತ, ಇಂದು ಮಹಾತ್ಮಾ ಜ್ಯೋತಿಬಾ ಫುಲೆ ಮಂಡಯಿ ಎನಿಸಿರುವ ಮಾರುಕಟ್ಟೆ ಆ ಉತ್ಸಾಹಕ್ಕೆ ಸಾಕ್ಷಿಯಾಗಿ ನಿಂತಿದೆ.

ಆದರೆ ಕಾಲ ಅನುಕೂಲವಾಗಿರಲಿಲ್ಲ. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಮುಂಬಯಿಯ ಹತ್ತಿಗೆ ಬಂದಿದ್ದ ಬಂಗಾರದ ಬೆಲೆ 1865ರಲ್ಲಿ ಯುದ್ಧ ಮುಗಿದೊಡನೆ ಇಳಿದುಹೋಯಿತು. ಷೇರುಗಳ ಹುಚ್ಚಿನಲ್ಲಿ ಮೆರೆದ ಮನೆತನಗಳು ದಿವಾಳಿಯಾದುವು. ಸಂಪತ್ತು ಕರಗುತ್ತಿದ್ದ ಊರಿನಲ್ಲಿ ನಗರಸಭೆಯ ವೆಚ್ಚ ಮಾತ್ರ ಏರುತ್ತಿತ್ತು. ಮನೆ ತೆರಿಗೆ, ದೀಪದ ತೆರಿಗೆ, ಪೋಲೀಸ್ ತೆರಿಗೆ, ನೀರಿನ ತೆರಿಗೆ, ಗಾಡಿಗಳ ಮೇಲಣ ಚಕ್ರ ತೆರಿಗೆ, ಮಲವನ್ನು ಸಾಗಿಸುವ ಕೆಲಸಕ್ಕೆಂದು ಹಲಾಲ್‌ಖೋರ್ ತೆರಿಗೆ, ಹೀಗೆ ಒಂದರ ಹಿಂದೆ ಒಂದು ಮನೆಯೊಡೆಯರ ಬಾಗಿಲಿಗೆ ಬಂದುವು.

ಕರದಾತರ ದೂರುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಮಿತವ್ಯಯದ ದೂರು: ಬಾಡಿಗೆ ಇಳಿದಿರುವಾಗ ಕರ ಏಕೆ ಇಳಿಯಬಾರದು, ಕಮಿಷನರನು ಮಂಜೂರಾತಿಯನ್ನು ಮೀರಿ ವೆಚ್ಚ ಮಾಡಿದರೆ ತಡೆಯುವವರು ಯಾರು ಎಂಬುದು. ಎರಡನೆಯದು ಆದ್ಯತೆಯ ಪ್ರಶ್ನೆ. 1860ರಲ್ಲಿ ವಿಹಾರ್ ಸರೋವರದ ನೀರು ಊರಿಗೆ ಬಂದಿತ್ತು; ಬಳಸಿದ ನೀರು ಹೊರಹೋಗಲು ತಕ್ಕ ಒಳಚರಂಡಿ ಮಾತ್ರ ಆಗಿರಲಿಲ್ಲ. ಮೊದಲೇ ತಗ್ಗಾದ ನೆಲ ಇನ್ನಷ್ಟು ಜೌಗಾಯಿತು. ಒಂದು ಸೌಕರ್ಯವನ್ನು ತಂದು ಅದರ ಜೋಡಿಯನ್ನು ಮರೆತರೆ ಹಣವೂ ಹೋಗಿ ಆರೋಗ್ಯವೂ ಕೆಡುತ್ತದೆ ಎಂಬ ಪಾಠವನ್ನು ಮುಂಬಯಿ ಆಗ ಕಲಿಯಬೇಕಾಯಿತು.

1871ರಲ್ಲಿ ಅಸಮಾಧಾನ ಸಿಡಿಯಿತು. ಜಸ್ಟಿಸರ ಸಭೆಯೊಳಗೇ ಜೇಮ್ಸ್ ಫೋರ್ಬ್ಸನು ಆಡಳಿತ ಸುಧಾರಣೆಯ ಸೊಲ್ಲೆತ್ತಿದನು. ಹೊರಗೆ ನವರೋಜಿ ಫರ್ದೂನ್‌ಜಿಯಂಥ ಹಿರಿಯರು ಕರದಾತರ ಪರವಾಗಿ ನಿಂತರು. ಕ್ರಾಫರ್ಡನು ಅಧಿಕಾರದಿಂದ ಸರಿಯಬೇಕಾಯಿತು. ಒಬ್ಬನೇ ಕಮಿಷನರನಿರುವ ಪದ್ಧತಿಯೇ ಎಲ್ಲ ಕೇಡಿಗೂ ಮೂಲವೆಂಬುದು ಅಂದಿನ ಬಹುಜನರ ಮತವಾಗಿತ್ತು.

ಈ ಪ್ರವಾಹಕ್ಕೆ ಎದುರಾಗಿ ಈಜಿದವನು, ವಿಲಾಯಿತಿಯಿಂದ ಬ್ಯಾರಿಸ್ಟರನಾಗಿ ಮರಳಿ ಮೂರು ವರ್ಷವಾಗಿದ್ದ ತರುಣ ಫಿರೋಜ್‌ಶಾ ಮೆಹತಾ. ಅದೇ ವರ್ಷದ ನವೆಂಬರಿನಲ್ಲಿ ಫ್ರಾಮ್‌ಜಿ ಕಾವಸ್‌ಜಿ ಇನ್‌ಸ್ಟಿಟ್ಯೂಟಿನಲ್ಲಿ ಆತನು ಓದಿದ ಪ್ರಬಂಧ ಸಭಿಕರಲ್ಲಿ ಅನೇಕರಿಗೆ ರುಚಿಸಲಿಲ್ಲ. ಕ್ರಾಫರ್ಡನು ಮಾಡಿದ ಕೆಲಸ ಊರಿಗೆ ಬೇಕಾದುದೇ. ಹೊಣೆ ಹೊರಲು ಒಬ್ಬ ಅಧಿಕಾರಿ ಇರುವುದು ತಪ್ಪಲ್ಲ. ಆತನನ್ನು ಪ್ರಶ್ನಿಸಲು ಕರದಾತರು ಆರಿಸಿದ ಸಭೆ ಇಲ್ಲದಿರುವುದೇ ತಪ್ಪು ಎಂಬುದು ಆತನ ವಾದದ ಸಾರ. ವೆಚ್ಚವನ್ನು ಕಡಿಮೆ ಮಾಡಿರೆಂಬ ಕೂಗನ್ನು ಮೆಹತಾ ಈ ರೀತಿಯಾಗಿ ಪ್ರಾತಿನಿಧ್ಯದ ಬೇಡಿಕೆಯಾಗಿ ಮಾರ್ಪಡಿಸಿದನು.

1872ರ ಶಾಸನವು ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿಯಿತು. ಕಮಿಷನರನ ಹುದ್ದೆ ಉಳಿಯಿತು. ಅವನ ಮೇಲೆ 64 ಸದಸ್ಯರ ಕಾರ್ಪೊರೇಷನ್ ಬಂದಿತು. ಅವರಲ್ಲಿ 32 ಮಂದಿಯನ್ನು ಕರದಾತರೂ 16 ಮಂದಿಯನ್ನು ಜಸ್ಟಿಸರೂ ಆರಿಸಬೇಕು, ಉಳಿದ 16 ಮಂದಿಯನ್ನು ಸರ್ಕಾರ ನೇಮಿಸಬೇಕು ಎಂದಾಯಿತು. ಆದರೆ ಮತದಾರನಾಗಲು ವರ್ಷಕ್ಕೆ 50 ರೂಪಾಯಿಯಷ್ಟಾದರೂ ತೆರಿಗೆ ಕಟ್ಟುತ್ತಿರಬೇಕಾಗಿತ್ತು. 1872ರ ಜನಗಣತಿಯಂತೆ ಊರಿನ ಜನಸಂಖ್ಯೆ 6,44,405. ಅಷ್ಟು ಜನರಲ್ಲಿ ಆ ಹೊಸ್ತಿಲನ್ನು ದಾಟಬಲ್ಲವರು ಕೆಲವೇ ಸಾವಿರ. ಬೀದಿ ಗುಡಿಸಿದವನಿಗೆ ಅಲ್ಲಿ ಸ್ಥಾನವಿರಲಿಲ್ಲ, ಗಿರಣಿಯ ಕೂಲಿಗೂ ಇರಲಿಲ್ಲ, ಚಾಳಿನ ಬಾಡಿಗೆದಾರನಿಗೂ ಇರಲಿಲ್ಲ.

ಕರವನ್ನು ಕಟ್ಟುವವನು ಒಬ್ಬ, ಹೊರುವವನು ಮತ್ತೊಬ್ಬ ಎಂಬ ವಿಚಾರವನ್ನು ಅಂದಿನ ಚಳವಳಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮನೆಯೊಡೆಯನು ಕಟ್ಟಿದ ತೆರಿಗೆ ಬಾಡಿಗೆಯೊಳಗೆ ಸೇರಿಹೋಗುತ್ತಿತ್ತು. ಊರೊಳಗೆ ಬರುವ ಸರಕಿನ ಮೇಲೂ ಸುಂಕವಿತ್ತು. 1888ರ ಶಾಸನದ ಪಟ್ಟಿಯಲ್ಲಿ ಧಾನ್ಯ, ತುಪ್ಪ, ಕಟ್ಟಿಗೆಗಳೂ ಸೇರಿದ್ದುವು. ಎರಡು ಹೊತ್ತು ಉಣ್ಣುವ ಪ್ರತಿಯೊಬ್ಬನೂ ಕರದಾತನೇ ಆಗಿದ್ದನು. ಅವನ ಹೆಸರು ಮಾತ್ರ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

ಹಾಗೆಂದು ಆ ಸಭೆ ನಿಷ್ಫಲವಾಯಿತೆನ್ನಲಾಗದು. ತುಳಸಿ ಜಲಾಶಯವೂ 1892ರಲ್ಲಿ ತಾನ್ಸಾ ನೀರೂ ಅದರ ಕಾಲದಲ್ಲಿಯೇ ಬಂದುವು. ಪೋಲೀಸ್ ವೆಚ್ಚ ಸರ್ಕಾರದ್ದಾಗಬೇಕು, ಊರಿನ ಹಣ ಊರಿನ ಹಿತಕ್ಕೆ ಸಲ್ಲಬೇಕು ಎಂಬ ಹಳೆಯ ವಾದಕ್ಕೆ 1907ರಲ್ಲಿ ಜಯ ದೊರೆಯಿತು: ಸರ್ಕಾರ ಪೋಲೀಸ್ ವೆಚ್ಚವನ್ನು ವಹಿಸಿಕೊಂಡಿತು, ನಗರಸಭೆ ಪ್ರಾಥಮಿಕ ಶಿಕ್ಷಣ ಮತ್ತು ವೈದ್ಯಕೀಯ ನೆರವಿನ ಹೊರೆಯನ್ನು ಹೊತ್ತಿತು. ಆದರೆ ಬಡವರ ವಸತಿಯ ವಿಷಯದಲ್ಲಿ ಮನೆಯೊಡೆಯರ ಸಭೆ ಎಚ್ಚರಗೊಳ್ಳಲು 1896ರ ಪ್ಲೇಗು ಬರಬೇಕಾಯಿತು. ಆಗಲೂ ಸರ್ಕಾರ ಆ ಕೆಲಸವನ್ನು ಕಾರ್ಪೊರೇಷನ್ನಿಗೆ ಒಪ್ಪಿಸದೆ 1898ರಲ್ಲಿ ಪ್ರತ್ಯೇಕ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು.

ಕನ್ನಡ ಕರಾವಳಿಯಿಂದ ಬಂದು ಈ ಊರಿನಲ್ಲಿ ನೆಲೆಸಿದವರ ಚರಿತ್ರೆ ಇಲ್ಲಿ ಈ ಕಥೆಯೊಡನೆ ಕೂಡಿಕೊಳ್ಳುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಕಲಿತ ಹುಡುಗರು, ಒಂದೇ ಖೋಲಿಯಲ್ಲಿ ಹಲವರಾಗಿ ಬಾಳಿದ ದುಡಿಮೆಗಾರರು ಬಾಡಿಗೆಯಲ್ಲಿಯೂ ಊಟದಲ್ಲಿಯೂ ಕರವನ್ನು ತೆತ್ತರು. 1922ರ ಶಾಸನ ತಿಂಗಳಿಗೆ 10 ರೂಪಾಯಿ ಬಾಡಿಗೆ ಕೊಡುವವರಿಗೆ ಮತವನ್ನು ನೀಡಿತು. ಹಲವರು ಹಂಚಿಕೊಂಡ ಖೋಲಿಯವನೂ ಹೋಟೆಲಿನ ಹಲಗೆಯ ಮೇಲೆ ಮಲಗುವವನೂ ಆಗಲೂ ಹೊರಗೇ ಉಳಿದರು. 1948ರಲ್ಲಿ ವಯಸ್ಕ ಮತದಾನದ ಮೇಲೆ ಚುನಾವಣೆ ನಡೆದಾಗಲೇ ಬಾಗಿಲು ಪೂರ್ಣವಾಗಿ ತೆರೆದದ್ದು. ನಗರಸಭೆಯ ಶಾಲೆಗಳಲ್ಲಿ ಕನ್ನಡವೂ ಒಂದು ಶಿಕ್ಷಣ ಮಾಧ್ಯಮವಾಗಿ ಸ್ಥಾನ ಪಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಅದು ಯಾರದೋ ಔದಾರ್ಯದ ದಾನವಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ ಕರದಾತರೂ ಬೆಲೆ ತೆತ್ತು ಪಡೆದ ಸೌಕರ್ಯ.

1871ರ ಪ್ರಶ್ನೆ ಹಳೆಯದಾಗಿಲ್ಲ. 2022ರ ಮಾರ್ಚಿನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಮೂರು ವರ್ಷಗಳಿಗೂ ಮೀರಿ ಮುಂಬಯಿಗೆ ಚುನಾಯಿತ ಸಭೆಯಿರಲಿಲ್ಲ. ಕಮಿಷನರರು ಸಿದ್ಧಪಡಿಸಿದ ಆಯವ್ಯಯವನ್ನು ಆಡಳಿತಾಧಿಕಾರಿಯಾಗಿ ಅವರೇ ಅಂಗೀಕರಿಸುವಂತಾಯಿತು. ಕ್ರಾಫರ್ಡನ ಕಾಲದಲ್ಲಿ ಪ್ರಶ್ನಿಸಲು ನೇಮಕಗೊಂಡ ಜಸ್ಟಿಸರಾದರೂ ಇದ್ದರು. ಕರ ಎಷ್ಟು ಎಂಬ ಪ್ರಶ್ನೆಗಿಂತ, ಅದನ್ನು ಕುರಿತು ಕೇಳುವ ಹಕ್ಕು ಯಾರಿಗೆ ಎಂಬ ಪ್ರಶ್ನೆಯೇ ಪೌರಜೀವನದಲ್ಲಿ ಮೊದಲನೆಯದು. ಮೊದಲ ಹಕ್ಕು ಕೈತಪ್ಪಿದಲ್ಲಿ ಉಳಿದ ಲೆಕ್ಕವೆಲ್ಲ ಸರಿಯಾಗಿದ್ದರೂ ನಗರ ತನ್ನ ಜನರದ್ದಾಗಿ ಉಳಿಯುವುದಿಲ್ಲ.